ಯಾರಿಗೆ ಯಾವ ಫೋಲ್ಡರ್: ಸಣ್ಣ ಕಚೇರಿಯ ಸರ್ವರ್‌ಗೆ ವೆಬ್‌ಮಿನ್ ಕೈಪಿಡಿ

ತುಮಕೂರಿನ ಆಡಿಟ್ ಕಚೇರಿ ಇರಲಿ, ತಿಪಟೂರಿನ ಕೊಬ್ಬರಿ ಮಂಡಿ ಇರಲಿ, ಹತ್ತು ಹದಿನೈದು ಸಿಸ್ಟಂ ಇರುವ ಕಡೆ ಸಾಮಾನ್ಯವಾಗಿ ಕಾಣುವ ವ್ಯವಸ್ಥೆ ಒಂದೇ. ಮೂಲೆಯಲ್ಲೊಂದು ಡೆಸ್ಕ್‌ಟಾಪ್, ಅದರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಒಂದು ಫೋಲ್ಡರ್, ಎಲ್ಲರಿಗೂ ಗೊತ್ತಿರುವ ಒಂದು ಪಾಸ್‌ವರ್ಡ್. ಮೊನ್ನೆ ಸೇರಿದ ಹುಡುಗನೂ ಸಂಬಳದ ಪಟ್ಟಿ ತೆರೆದು ನೋಡಬಹುದು. ಫೈಲ್ ಅಳಿಸಿಹೋದರೆ ಯಾರ ಕೈಯಿಂದ ಹೋಯಿತು ಅಂತ ತಿಳಿಯಲು ದಾರಿಯೇ ಇಲ್ಲ.

ಇದನ್ನು ಸರಿಪಡಿಸಲು ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಲಿನಕ್ಸ್‌ನ ಒಂದು ರೂಪವಾದ ಉಬುಂಟು ಸರ್ವರ್, ಅದರ ಮೇಲೆ ವಿಂಡೋಸ್ ಕಂಪ್ಯೂಟರ್‌ಗಳಿಗೆ ಫೋಲ್ಡರ್ ಹಂಚುವ ಸಾಂಬಾ, ಇವೆರಡನ್ನೂ ಬ್ರೌಸರ್‌ನಿಂದಲೇ ನೋಡಿಕೊಳ್ಳಲು ವೆಬ್‌ಮಿನ್ ಇದ್ದರೆ ಸಾಕು. ಮೂರೂ ಉಚಿತ. 8 ಜಿಬಿ ರ್‍ಯಾಮ್ ಇರುವ ಹಳೆಯ ಡೆಸ್ಕ್‌ಟಾಪ್ ಈ ಕೆಲಸಕ್ಕೆ ಧಾರಾಳವಾಯಿತು. ಎಲ್ಲ ಕಂಪ್ಯೂಟರ್‌ಗಳ ಲಾಗಿನ್ ಒಂದೇ ಕಡೆಯಿಂದ ನೋಡಿಕೊಳ್ಳುವ ವಿಂಡೋಸ್ ಡೊಮೇನ್ ಕಟ್ಟುವ ಯೋಚನೆ ಇದ್ದರೆ ಒಂದು ಮಾತು: ವಿಂಡೋಸ್ ಹೋಮ್ ಇರುವ ಕಂಪ್ಯೂಟರ್ ಡೊಮೇನ್‌ಗೆ ಸೇರುವುದೇ ಇಲ್ಲ, ಪ್ರೊ ಬೇಕು. ಅಂಗಡಿಯಿಂದ ತಂದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಹೋಮ್ ಆದ್ದರಿಂದ ಇಲ್ಲಿ ಹೇಳುವ ಸರಳ ವಿಧಾನವೇ ಸಣ್ಣ ಕಚೇರಿಗೆ ಹೊಂದುತ್ತದೆ.

ಒಂದು ಸೂಚನೆ. ಯೂಸರ್, ಗ್ರೂಪ್, ಶೇರ್ (ಸಾಂಬಾ ಹಂಚುವ ಫೋಲ್ಡರ್) ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಪರದೆಯಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲೇ, ನಡುವೆ ಜಾಗ ಬಿಡದೆ ಟೈಪ್ ಮಾಡಿ.

ಮೊದಲು ಕಾಗದದ ಮೇಲೆ

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಫೋಲ್ಡರ್‌ಗಳು, ಮೇಲುಗಡೆ ಕೆಲಸಗಳು. ಮೇಲುಗಡೆ ಜನರ ಹೆಸರು ಬರೆಯಬೇಡಿ. ಆಡಿಟ್ ಕಚೇರಿಯಾದರೆ ಕೆಲಸಗಳು ಹೀಗೆ ಬರಬಹುದು: ಜಿಎಸ್‌ಟಿ, ಆಡಿಟ್, ಆಡಳಿತ. ಫೋಲ್ಡರ್‌ಗಳು: ಗ್ರಾಹಕರು, ಜಿಎಸ್‌ಟಿ, ಆಡಿಟ್, ಸಂಬಳ, ಸ್ಕ್ಯಾನ್. ಪ್ರತಿ ಚೌಕದಲ್ಲಿ ಮೂರರಲ್ಲಿ ಒಂದನ್ನು ಬರೆಯಿರಿ: ಬರೆಯಬಹುದು, ಓದಬಹುದು ಅಷ್ಟೇ, ಏನೂ ಇಲ್ಲ.

ಈ ಪಟ್ಟಿಯಲ್ಲಿ ವ್ಯಕ್ತಿಯ ಹೆಸರು ನುಸುಳಿದರೆ ಇಡೀ ವ್ಯವಸ್ಥೆ ವರ್ಷದೊಳಗೆ ಗೋಜಲಾಗುತ್ತದೆ. ಸಿಎ ತರಬೇತಿಗೆ ಸೇರುವ ಆರ್ಟಿಕಲ್ ವಿದ್ಯಾರ್ಥಿಗಳು ಬರುತ್ತಾರೆ, ಹೋಗುತ್ತಾರೆ. ಜಿಎಸ್‌ಟಿ ಕೆಲಸ ಮಾತ್ರ ಅಲ್ಲೇ ಇರುತ್ತದೆ. ಫೋಲ್ಡರ್‌ನ ಅನುಮತಿಯನ್ನು ಗ್ರೂಪ್‌ಗೆ ಕೊಟ್ಟಿದ್ದರೆ ಹೊಸಬರು ಬಂದಾಗ ಅವರನ್ನು ಗ್ರೂಪ್‌ಗೆ ಸೇರಿಸಿದರೆ ಮುಗಿಯಿತು. ವ್ಯಕ್ತಿಗೆ ಕೊಟ್ಟಿದ್ದರೆ ಪ್ರತಿ ಬಾರಿಯೂ ಎಲ್ಲ ಫೋಲ್ಡರ್ ಸುತ್ತಬೇಕು, ಎಲ್ಲೋ ಒಂದು ಮರೆತೇ ಮರೆಯುತ್ತದೆ.

ವೆಬ್‌ಮಿನ್ ಹಾಕುವುದು

ಸರ್ವರ್‌ಗೆ ಒಂದು ಸ್ಥಿರ ಐಪಿ, ಅಂದರೆ ಬದಲಾಗದ ನೆಟ್‌ವರ್ಕ್ ವಿಳಾಸ ಬೇಕು. ರೌಟರ್‌ನ ಡಿಎಚ್‌ಸಿಪಿ ಪುಟದಲ್ಲಿ ಸರ್ವರ್‌ನ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆಗೆ) ಒಂದು ಐಪಿ ಕಾಯ್ದಿರಿಸಿ, 192.168.1.10 ಅಂತಿಟ್ಟುಕೊಳ್ಳೋಣ. ಇದನ್ನು ಬಿಟ್ಟರೆ ಕರೆಂಟ್ ಹೋಗಿ ಬಂದ ದಿನ ಐಪಿ ಬದಲಾಗಿ, ಎಲ್ಲರ ಡ್ರೈವ್‌ಗೂ ಕೆಂಪು ಗುರುತು ಬಂದು ಕೂರುತ್ತದೆ.

ಮೊದಲು ಸಾಂಬಾ ಇನ್‌ಸ್ಟಾಲ್ ಮಾಡಿ, ಆಮೇಲೆ ವೆಬ್‌ಮಿನ್. ವೆಬ್‌ಮಿನ್‌ನ ಸ್ವಂತ ತಾಣದಲ್ಲಿ ರೆಪಾಸಿಟರಿ ಸೇರಿಸುವ ಸ್ಕ್ರಿಪ್ಟ್ ಇದೆ. ಅದನ್ನು ಓಡಿಸಿ, ನಂತರ ಉಬುಂಟುನಲ್ಲಿ ಸಾಫ್ಟ್‌ವೇರ್ ಹಾಕುವ ಎಪಿಟಿಯಿಂದ ಹಾಕಿದರೆ ಮುಂದಿನ ಅಪ್‌ಡೇಟ್‌ಗಳೂ ಅದೇ ದಾರಿಯಲ್ಲಿ ಬರುತ್ತವೆ. ಆಮೇಲೆ ಯಾವುದೇ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಎಚ್‌ಟಿಟಿಪಿಎಸ್ ಹಾಕಿ, ಸರ್ವರ್ ಐಪಿ ಕೊಟ್ಟು, ಕೊನೆಗೆ 10000 ಪೋರ್ಟ್ ಸೇರಿಸಿ ತೆರೆಯಿರಿ. ಪ್ರಮಾಣಪತ್ರ ನಂಬಲರ್ಹವಲ್ಲ ಅಂತ ಬ್ರೌಸರ್ ಎಚ್ಚರಿಸುತ್ತದೆ. ಸರ್ವರ್ ತಾನೇ ಮಾಡಿಕೊಂಡ ಪ್ರಮಾಣಪತ್ರ ಅದು, ಆದ್ದರಿಂದ ಕಚೇರಿಯ ಒಳಗಿನ ನೆಟ್‌ವರ್ಕ್‌ನಲ್ಲಿ ಮುಂದುವರಿಯಬಹುದು. ಉಬುಂಟುನಲ್ಲಿ ಪೂರ್ತಿ ಸುಡೊ ಅಧಿಕಾರ (ಸರ್ವರ್‌ನ ಆಡಳಿತಗಾರನ ಅಧಿಕಾರ) ಇರುವ ಯೂಸರ್‌ನ ಹೆಸರು, ಪಾಸ್‌ವರ್ಡ್‌ನಿಂದಲೇ ಒಳಗೆ ಹೋಗಬಹುದು.

ಎಡಗಡೆಯ ಪಟ್ಟಿಯಲ್ಲಿ ಸರ್ವರ್ಸ್ ಅಡಿ 'ಸಾಂಬಾ ವಿಂಡೋಸ್ ಫೈಲ್ ಶೇರಿಂಗ್' ಕಾಣದಿದ್ದರೆ ಗಾಬರಿ ಬೇಡ. ವೆಬ್‌ಮಿನ್ ಹಾಕಿದ ಮೇಲೆ ಸಾಂಬಾ ಹಾಕಿದ್ದರೆ ಅದು 'ಅನ್‌ಯೂಸ್ಡ್ ಮಾಡ್ಯೂಲ್ಸ್' ಅಡಿ ಕೂತಿರುತ್ತದೆ. 'ರಿಫ್ರೆಶ್ ಮಾಡ್ಯೂಲ್ಸ್' ಒತ್ತಿದರೆ ಜಾಗಕ್ಕೆ ಬರುತ್ತದೆ.

ಈ 10000 ಪೋರ್ಟನ್ನು ಮನೆಯಿಂದ ನೋಡಿಕೊಳ್ಳಬೇಕು ಅಂತ ರೌಟರ್‌ನಲ್ಲಿ ಇಂಟರ್‌ನೆಟ್‌ಗೆ ತೆರೆದಿಡಬೇಡಿ. ವೆಬ್‌ಮಿನ್ ಕೈಗೆ ಸಿಕ್ಕರೆ ಇಡೀ ಸರ್ವರ್ ಕೈಗೆ ಸಿಕ್ಕಂತೆ. 1.890ರಿಂದ 1.920ರವರೆಗಿನ ಆವೃತ್ತಿಗಳಲ್ಲಿ ಯಾರೋ ಸೇರಿಸಿದ್ದ ಕಳ್ಳದಾರಿ 2019ರ ಆಗಸ್ಟ್‌ನಲ್ಲಿ ಬಯಲಾಗಿ, 1.930ರಲ್ಲಿ ಅದನ್ನು ಮುಚ್ಚಿದರು. ಹೊರಗಿನಿಂದ ನೋಡಲೇಬೇಕಿದ್ದರೆ ವೈರ್‌ಗಾರ್ಡ್‌ನಂಥ ವಿಪಿಎನ್ ಹಾಕಿ, ಅದರ ಒಳಗಿಂದ ಬನ್ನಿ. 'ವೆಬ್‌ಮಿನ್ ಕಾನ್ಫಿಗರೇಶನ್' ಒಳಗಿನ 'ಐಪಿ ಆಕ್ಸೆಸ್ ಕಂಟ್ರೋಲ್'ನಲ್ಲಿ ಆಡಳಿತ ನೋಡುವವರ ಕಂಪ್ಯೂಟರ್‌ನ ಐಪಿ ಮಾತ್ರ ಬರೆಯಿರಿ. ಅಲ್ಲೇ ಎರಡು ಹಂತದ ದೃಢೀಕರಣವನ್ನೂ ಆನ್ ಮಾಡಿ.

ಎರಡು ಬಾಗಿಲು

ಮುಂದಿನದೆಲ್ಲ ಅರ್ಥವಾಗಲು ಇದೊಂದು ತಲೆಗೆ ಹೋಗಬೇಕು. ಫೈಲ್ ತಲುಪಲು ಎರಡು ಬಾಗಿಲು ದಾಟಬೇಕು. ಬೀದಿ ಬಾಗಿಲು ಸಾಂಬಾದ್ದು: ಈ ಶೇರ್‌ಗೆ ಯಾರು ಬರಬಹುದು, ಬರೆಯಬಹುದೇ ಇಲ್ಲವೇ ಅನ್ನುವುದು ಅದರ ಸೆಟ್ಟಿಂಗ್‌ನಲ್ಲಿರುತ್ತದೆ. ಕೋಣೆ ಬಾಗಿಲು ಲಿನಕ್ಸ್‌ನದು: ಫೋಲ್ಡರ್‌ನ ಒಡೆಯ ಯಾರು, ಗ್ರೂಪ್ ಯಾವುದು, ಯಾರಿಗೆಷ್ಟು ಪರ್ಮಿಷನ್. ಎರಡೂ ತೆರೆದಿದ್ದರೆ ಮಾತ್ರ ಕೆಲಸ ಆಗುತ್ತದೆ. 'ಎಲ್ಲ ಸರಿಯಾಗೇ ಕೊಟ್ಟಿದ್ದೀನಿ, ಆದ್ರೂ ಆಕ್ಸೆಸ್ ಡಿನೈಡ್ ಬರ್ತಿದೆ' ಅನ್ನುವ ದೂರಿನಲ್ಲಿ ಬಹುಪಾಲು ಒಂದು ಬಾಗಿಲು ತೆರೆದು ಇನ್ನೊಂದನ್ನು ಮರೆತದ್ದೇ ಆಗಿರುತ್ತದೆ.

ಪಾಸ್‌ವರ್ಡ್‌ನಲ್ಲೂ ಹೀಗೇ ಎರಡಿದೆ. ಲಿನಕ್ಸ್ ತನ್ನ ಪಾಸ್‌ವರ್ಡನ್ನು ಒಂದು ಕಡೆ ಇಟ್ಟುಕೊಂಡರೆ ಸಾಂಬಾ ತನ್ನದನ್ನು ಬೇರೆ ಕಡೆ, ಬೇರೆ ರೂಪದಲ್ಲಿ ಇಟ್ಟುಕೊಳ್ಳುತ್ತದೆ. ಒಂದರಿಂದ ಇನ್ನೊಂದನ್ನು ತಯಾರಿಸಲು ಬರುವುದಿಲ್ಲ. ಹಾಗಾಗಿ ಸರ್ವರ್‌ನಲ್ಲಿ ಮೊದಲೇ ಇರುವ ಯೂಸರ್‌ಗಳಿಗೆ ಸಾಂಬಾ ಪಾಸ್‌ವರ್ಡ್ ಹೊಸದಾಗಿಯೇ ಕೊಡಬೇಕು.

ಅದಕ್ಕೇ ಒಬ್ಬ ಯೂಸರ್‌ನನ್ನೂ ಸೇರಿಸುವ ಮೊದಲು ಸಾಂಬಾ ಮಾಡ್ಯೂಲ್ ತೆರೆದು 'ಯೂಸರ್ ಸಿಂಕ್ರೊನೈಸೇಶನ್'ಗೆ ಹೋಗಿ. ಯುನಿಕ್ಸ್ ಯೂಸರ್ (ಅಂದರೆ ಲಿನಕ್ಸ್‌ನ ಯೂಸರ್) ಸೇರಿಸಿದಾಗ, ಬದಲಿಸಿದಾಗ, ಅಳಿಸಿದಾಗ ಸಾಂಬಾದಲ್ಲೂ ಹಾಗೇ ಆಗಲಿ ಅನ್ನುವ ಮೂರಕ್ಕೂ ಹೌದು ಕೊಡಿ. ಇನ್ನು ಮುಂದೆ ವೆಬ್‌ಮಿನ್‌ನಿಂದ ಮಾಡಿದ ಬದಲಾವಣೆ ಎರಡೂ ಕಡೆ ಬೀಳುತ್ತದೆ. ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಬದಲಿಸಿದರೆ ಮಾತ್ರ ವೆಬ್‌ಮಿನ್‌ಗೆ ಗೊತ್ತಾಗುವುದಿಲ್ಲ. ಆ ಅಭ್ಯಾಸ ಬಿಡಿ.

ಗ್ರೂಪ್, ಯೂಸರ್

'ಸಿಸ್ಟಂ' ಅಡಿಯ 'ಯೂಸರ್ಸ್ ಆ್ಯಂಡ್ ಗ್ರೂಪ್ಸ್' ತೆರೆಯಿರಿ. ಮೊದಲು ಗ್ರೂಪ್‌ಗಳು: ಜಿಎಸ್‌ಟಿ, ಆಡಿಟ್, ಆಡಳಿತ. ಆಮೇಲೆ ಯೂಸರ್. ಹೊಸ ಯೂಸರ್ ಪುಟದಲ್ಲಿ ಯೂಸರ್ ಐಡಿ ತಾನೇ ಆರಿಸಿಕೊಳ್ಳಲಿ. ರಿಯಲ್ ನೇಮ್ ಜಾಗದಲ್ಲಿ ಪೂರ್ತಿ ಹೆಸರು ಹಾಕಿ, ಒಂದೇ ಹೆಸರಿನ ಇಬ್ಬರಿದ್ದಾಗ ಅನುಕೂಲ. ಶೆಲ್ ಜಾಗದಲ್ಲಿ 'ನೊಲಾಗಿನ್' ಅಂತ ಕೊನೆಯಾಗುವುದನ್ನು ಆರಿಸಿ: ಅವರಿಗೆ ಬೇಕಿರುವುದು ಫೋಲ್ಡರ್, ಸರ್ವರ್‌ನ ಕಮಾಂಡ್ ಲೈನ್ ಅಲ್ಲ. ಸೆಕೆಂಡರಿ ಗ್ರೂಪ್ ಪಟ್ಟಿಯಲ್ಲಿ ಅವರ ಕೆಲಸಕ್ಕೆ ತಕ್ಕ ಗ್ರೂಪ್ ಸೇರಿಸಿ. ಕೊನೆಯಲ್ಲಿ ಹೋಮ್ ಡೈರೆಕ್ಟರಿ ಬೇಡ ಅನ್ನಿ, ಆದರೆ 'ಕ್ರಿಯೇಟ್ ಯೂಸರ್ ಇನ್ ಅದರ್ ಮಾಡ್ಯೂಲ್ಸ್' ಅನ್ನುವುದು ಹೌದು ಇರಲೇಬೇಕು. ಅದು ತಪ್ಪಿದರೆ ಮೇಲೆ ಹೇಳಿದ ಸಿಂಕ್ರೊನೈಸೇಶನ್ ನಡೆಯುವುದಿಲ್ಲ, ಯೂಸರ್ ಇದ್ದೂ ವಿಂಡೋಸ್‌ನಿಂದ ಲಾಗಿನ್ ಆಗುವುದಿಲ್ಲ.

ಶಾಲೆ ಕಾಲೇಜಿನಂತೆ ಒಟ್ಟಿಗೆ ನಲವತ್ತು ಐವತ್ತು ಹೆಸರು ಹಾಕಬೇಕಾದಾಗ ಅದೇ ಮಾಡ್ಯೂಲ್‌ನಲ್ಲಿ ಬ್ಯಾಚ್ ಫೈಲ್ ಸೌಲಭ್ಯ ಇದೆ. ಸಾಲಿಗೊಬ್ಬರಂತೆ, ಅಪೂರ್ಣ ವಿರಾಮದಿಂದ (:) ಬೇರ್ಪಡಿಸಿ ಬರೆದ ಪಠ್ಯ ಫೈಲ್ ಅದು. ಮಾದರಿ ಆ ಪುಟದಲ್ಲೇ ಕೊಟ್ಟಿರುತ್ತಾರೆ. ಮೊದಲು ಎರಡೇ ಸಾಲು ಹಾಕಿ ಪರೀಕ್ಷಿಸಿ, ಆಮೇಲೆ ಉಳಿದದ್ದು.

ಫೋಲ್ಡರ್ ಮತ್ತು ಶೇರ್

ಫೋಲ್ಡರ್ ಎಲ್ಲಿಡಬೇಕು ಅನ್ನುವುದರಲ್ಲೇ ಅರ್ಧ ಸಮಸ್ಯೆ ಅಡಗಿದೆ. ಯಾರದೋ ಹೋಮ್ ಫೋಲ್ಡರ್ ಒಳಗೆ ಇಡಬೇಡಿ. ಉಬುಂಟು 21.04ರಿಂದ ಹೋಮ್ ಫೋಲ್ಡರ್‌ಗೆ ಬೇರೆಯವರು ಕಾಲಿಡದ ಹಾಗೆ 750 ಪರ್ಮಿಷನ್ ಇರುತ್ತದೆ. ಅದರೊಳಗಿನ ಫೋಲ್ಡರ್‌ಗೆ ಎಷ್ಟೇ ಅನುಮತಿ ಕೊಟ್ಟರೂ ಮೇಲಿನ ಫೋಲ್ಡರೇ ತಡೆಯುತ್ತದೆ. ಯುಎಸ್‌ಬಿ ಹಾರ್ಡ್‌ಡಿಸ್ಕ್ ಚುಚ್ಚಿ ಅದನ್ನೇ ಹಂಚುವುದೂ ಬೇಡ. ಅದು ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿದ್ದರೆ ಲಿನಕ್ಸ್ ಪರ್ಮಿಷನ್ ಅಂದುಕೊಂಡ ಹಾಗೆ ನಿಲ್ಲುವುದಿಲ್ಲ. ಮೂಲ ಡೈರೆಕ್ಟರಿಯಲ್ಲಿರುವ ಎಸ್‌ಆರ್‌ವಿ ಒಳಗೆ 'ಕಚೇರಿ' ಅಂತ ಒಂದು ಫೋಲ್ಡರ್ ಮಾಡಿ, ಅದರೊಳಗೆ ಎಲ್ಲವನ್ನೂ ಇಡಿ.

ಪ್ರತಿ ಫೋಲ್ಡರ್‌ಗೂ ಒಡೆಯ ರೂಟ್ (ಲಿನಕ್ಸ್‌ನ ಸರ್ವಾಧಿಕಾರದ ಯೂಸರ್), ಗ್ರೂಪ್ ಆಯಾ ಕೆಲಸದ್ದು, ಪರ್ಮಿಷನ್ 2770. ಕೊನೆಯ ಮೂರು ಅಂಕಿಗಳಲ್ಲಿ ಮೊದಲ 7 ಒಡೆಯನಿಗೆ, ಎರಡನೆಯ 7 ಗ್ರೂಪ್‌ಗೆ ಪೂರ್ತಿ ಅಧಿಕಾರ, 0 ಅಂದರೆ ಉಳಿದವರಿಗೆ ಏನೂ ಇಲ್ಲ. ಮುಂದಿರುವ 2 ಬಹಳ ಮುಖ್ಯ. ಅದರಿಂದ ಈ ಫೋಲ್ಡರ್ ಒಳಗೆ ಯಾರೇ ಹೊಸ ಫೈಲ್ ಮಾಡಿದರೂ ಫೈಲ್‌ನ ಗ್ರೂಪ್ ಫೋಲ್ಡರ್‌ನ ಗ್ರೂಪೇ ಆಗುತ್ತದೆ. ಅದಿಲ್ಲದಿದ್ದರೆ ಮಾಡಿದವರ ಸ್ವಂತ ಗ್ರೂಪ್ ಅಂಟಿಕೊಂಡು, ಪಕ್ಕದವರು ಅದನ್ನು ತಿದ್ದಲಾರರು.

ಈಗ ಸಾಂಬಾ ಮಾಡ್ಯೂಲ್‌ನಲ್ಲಿ ಹೊಸ ಫೈಲ್ ಶೇರ್. ಹೆಸರು 'ಆಡಿಟ್' ಅಂತಿಟ್ಟು ಆ ಡೈರೆಕ್ಟರಿ ತೋರಿಸಿ ಉಳಿಸಿ. ಮತ್ತೆ ಅದೇ ಶೇರ್ ತೆರೆದರೆ ಕೆಳಗೆ ಇನ್ನಷ್ಟು ಗುಂಡಿಗಳಿರುತ್ತವೆ. 'ಸೆಕ್ಯೂರಿಟಿ ಆ್ಯಂಡ್ ಆಕ್ಸೆಸ್ ಕಂಟ್ರೋಲ್'ನಲ್ಲಿ ರೈಟಬಲ್ ಹೌದು, ಗೆಸ್ಟ್ ಆಕ್ಸೆಸ್ ಬೇಡ, ವ್ಯಾಲಿಡ್ ಗ್ರೂಪ್ಸ್ ಜಾಗದಲ್ಲಿ ಆಡಿಟ್. ಪಟ್ಟಿಯ ಪ್ರಕಾರ ಇನ್ನೊಂದು ಗ್ರೂಪ್‌ಗೆ ಓದಲು ಮಾತ್ರ ಬಿಡಬೇಕಿದ್ದರೆ ಅದನ್ನು ವ್ಯಾಲಿಡ್ ಗ್ರೂಪ್ಸ್‌ಗೂ ರೀಡ್ ಓನ್ಲಿ ಗ್ರೂಪ್ಸ್‌ಗೂ ಎರಡೂ ಕಡೆ ಸೇರಿಸಿ. ಇಷ್ಟು ಮಾಡಿದರೂ ಕೋಣೆ ಬಾಗಿಲು ಆ ಗ್ರೂಪನ್ನು ತಡೆಯುತ್ತದೆ, ಏಕೆಂದರೆ ಕೊನೆಯ ಅಂಕಿ 0. ಇದಕ್ಕೆ ಸುಲಭ ಉಪಾಯ 'ಫೈಲ್ ಪರ್ಮಿಷನ್ಸ್' ಪುಟದ 'ಫೋರ್ಸ್ ಯುನಿಕ್ಸ್ ಗ್ರೂಪ್': ಅಲ್ಲಿ ಆಡಿಟ್ ಅಂತ ಕೊಟ್ಟರೆ ಈ ಶೇರ್‌ಗೆ ಬಂದವರೆಲ್ಲ ಕೋಣೆ ಬಾಗಿಲ ಮುಂದೆ ಆಡಿಟ್ ಗ್ರೂಪಿನವರೇ ಆಗುತ್ತಾರೆ, ಯಾರು ಬರೆಯಬಾರದು ಅನ್ನುವುದನ್ನು ಬೀದಿ ಬಾಗಿಲೇ ನೋಡಿಕೊಳ್ಳುತ್ತದೆ.

ಅದೇ ಪುಟದಲ್ಲಿ ಹೊಸ ಫೈಲ್ ಮೋಡ್ 660 (6 ಅಂದರೆ ಓದಬಹುದು, ಬರೆಯಬಹುದು), ಹೊಸ ಡೈರೆಕ್ಟರಿ ಮೋಡ್ 2770 ಕೊಡಿ. 'ಫೋರ್ಸ್' ಅನ್ನುವ ಎರಡು ಜಾಗದಲ್ಲೂ ಅದೇ ಅಂಕಿಗಳು. ಸುಮ್ಮನೆ ಹೇಳುತ್ತಿರುವುದಲ್ಲ, ಎಕ್ಸೆಲ್ ಫೈಲ್ ಉಳಿಸುವ ರೀತಿ ನೋಡಿ. ಸೇವ್ ಒತ್ತಿದಾಗ ಎಕ್ಸೆಲ್ ಹಳೆಯ ಫೈಲ್‌ನ ಮೇಲೆ ಬರೆಯುವುದಿಲ್ಲ. ಅದೇ ಫೋಲ್ಡರ್‌ನಲ್ಲಿ ತಾತ್ಕಾಲಿಕ ಹೆಸರಿನ ಹೊಸ ಫೈಲ್ ಮಾಡಿ, ಹಳೆಯದನ್ನು ಸರಿಸಿ, ಹೊಸದಕ್ಕೆ ಹಳೆಯ ಹೆಸರಿಡುತ್ತದೆ. ಅಂದರೆ ಪ್ರತಿ ಸೇವ್‌ಗೂ ಫೈಲ್ ಹೊಸದು, ಒಡೆಯ ಕೊನೆಗೆ ಉಳಿಸಿದವರು. ಮೋಡ್ ಸರಿಯಿಲ್ಲದಿದ್ದರೆ ಬೆಳಿಗ್ಗೆ ಎಲ್ಲರಿಗೂ ತೆರೆದುಕೊಂಡ ಶೀಟ್, ಮಧ್ಯಾಹ್ನ ಒಬ್ಬರು ಸೇವ್ ಮಾಡಿದ ಮೇಲೆ ಉಳಿದವರಿಗೆ ರೀಡ್ ಓನ್ಲಿ ಆಗುತ್ತದೆ. ಎಕ್ಸೆಲ್ ಕೆಟ್ಟಿದೆ ಅಂತ ಅದನ್ನು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿದರೆ ಪ್ರಯೋಜನವಿಲ್ಲ.

ಎಲ್ಲ ಮುಗಿದ ಮೇಲೆ 'ರೀಸ್ಟಾರ್ಟ್ ಸಾಂಬಾ ಸರ್ವರ್ಸ್' ಒತ್ತಿ. ಕೆಲಸದ ಹೊತ್ತಿನಲ್ಲಿ ಬೇಡ, ತೆರೆದಿರುವ ಫೈಲ್‌ಗಳ ಸಂಪರ್ಕ ಕಡಿಯುತ್ತದೆ. ತಿಂಗಳ ಜಿಎಸ್‌ಟಿ ರಿಟರ್ನ್‌ಗಳಾದ ಜಿಎಸ್‌ಟಿಆರ್-1 ಸಲ್ಲಿಸುವ 11, 3ಬಿ ಸಲ್ಲಿಸುವ 20, ಈ ಎರಡು ತಾರೀಕುಗಳ ಆಸುಪಾಸಿನಲ್ಲಿ ಸರ್ವರ್‌ನ ಯಾವ ಸೆಟ್ಟಿಂಗನ್ನೂ ಮುಟ್ಟದಿರುವುದು ಒಳ್ಳೆಯದು.

ವಿಂಡೋಸ್ ಕಡೆಯಿಂದ

ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸ ಪಟ್ಟಿಯಲ್ಲಿ ಎರಡು ಹಿಂಗೆರೆ (\\) ಹಾಕಿ ಸರ್ವರ್ ಐಪಿ ಕೊಟ್ಟರೆ ಶೇರ್‌ಗಳು ಕಾಣುತ್ತವೆ. ಬೇಕಾದ್ದನ್ನು 'ಮ್ಯಾಪ್ ನೆಟ್‌ವರ್ಕ್ ಡ್ರೈವ್' ಮಾಡಿ. ಇಲ್ಲಿ ಎಲ್ಲರನ್ನೂ ಕಾಡುವುದು 1219 ಸಂಖ್ಯೆಯ ದೋಷ. ವಿಂಡೋಸ್ ಒಂದು ಸರ್ವರ್‌ಗೆ ಒಂದು ಹೊತ್ತಿಗೆ ಒಂದೇ ಯೂಸರ್ ಹೆಸರಿನಲ್ಲಿ ಸಂಪರ್ಕ ಇಡುತ್ತದೆ. ಮೊದಲು ಬೇರೆಯವರ ಹೆಸರಿನಲ್ಲಿ ಒಂದು ಶೇರ್ ತೆರೆದಿದ್ದರೆ ಎರಡನೆಯದನ್ನು ನಿಮ್ಮ ಹೆಸರಿನಲ್ಲಿ ತೆರೆಯಲು ಬಿಡುವುದಿಲ್ಲ. 'ಕ್ರೆಡೆನ್ಶಿಯಲ್ ಮ್ಯಾನೇಜರ್'ನಲ್ಲಿ ವಿಂಡೋಸ್ ಕ್ರೆಡೆನ್ಶಿಯಲ್ಸ್ ತೆರೆದು ಆ ಐಪಿಯ ನಮೂದು ಅಳಿಸಿ, ಮ್ಯಾಪ್ ಆದ ಡ್ರೈವ್ ಕಳಚಿ, ಸೈನ್ ಔಟ್ ಆಗಿ ಮತ್ತೆ ಬನ್ನಿ. ಹೊಸ ಗ್ರೂಪ್‌ಗೆ ಸೇರಿಸಿದ ಮೇಲೂ ಫೋಲ್ಡರ್ ತೆರೆಯದಿದ್ದರೆ ಮೊದಲು ಮಾಡಬೇಕಾದ್ದೂ ಸೈನ್ ಔಟೇ, ಯಾಕೆಂದರೆ ಹಳೆಯ ಸಂಪರ್ಕಕ್ಕೆ ಹೊಸ ಗ್ರೂಪ್ ಗೊತ್ತಿರುವುದಿಲ್ಲ.

ಹಳೆಯ ಜೆರಾಕ್ಸ್-ಸ್ಕ್ಯಾನರ್ ಯಂತ್ರ 'ಸ್ಕ್ಯಾನ್' ಫೋಲ್ಡರ್‌ಗೆ ಕಳಿಸಲಾಗದೆ ಒದ್ದಾಡಿದರೆ ಅದಕ್ಕೆ ಫೋಲ್ಡರ್ ಹಂಚುವ ಹಳೆಯ ಪ್ರೋಟೋಕಾಲ್ ಆದ ಎಸ್‌ಎಂಬಿ 1 ಮಾತ್ರ ಬರುತ್ತದೆಯೇ ನೋಡಿ. ಸಾಂಬಾ 4.11ರಿಂದ ಆ ಹಳೆಯ ಪ್ರೋಟೋಕಾಲ್ ಮೂಲತಃ ಆಫ್ ಆಗಿರುತ್ತದೆ. 2017ರ ವಾನ್ನಾಕ್ರೈ ವೈರಸ್ ವಿಂಡೋಸ್‌ನಲ್ಲಿ ಹರಡಿದ್ದು ಅದೇ ಪ್ರೋಟೋಕಾಲ್‌ನ ಬಿರುಕಿನಿಂದ. ಒಂದು ಯಂತ್ರಕ್ಕಾಗಿ ಅದನ್ನು ಮತ್ತೆ ತೆರೆಯುವ ಬದಲು ಯಂತ್ರದ ಎಫ್‌ಟಿಪಿ ಸೌಲಭ್ಯ ಬಳಸಿ, ಅದಕ್ಕೆ ಸ್ಕ್ಯಾನ್ ಫೋಲ್ಡರ್ ಮಾತ್ರ ಮುಟ್ಟಬಲ್ಲ ಪ್ರತ್ಯೇಕ ಯೂಸರ್ ಕೊಡಿ.

ಕನ್ನಡದಲ್ಲಿ ಉದ್ದ ಹೆಸರಿಟ್ಟ ಫೈಲ್ ಪೆನ್‌ಡ್ರೈವ್‌ನಲ್ಲಿ ತೆರೆದುಕೊಂಡು ಸರ್ವರ್‌ಗೆ ಕಾಪಿ ಆಗದಿದ್ದರೆ ಅದಕ್ಕೂ ಕಾರಣ ಇದೆ. ಲಿನಕ್ಸ್‌ನ ಎಕ್ಸ್‌ಟಿ 4 ಡಿಸ್ಕ್‌ನಲ್ಲಿ ಫೈಲ್ ಹೆಸರಿನ ಮಿತಿ 255 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಚಿಹ್ನೆಗೆ 3 ಬೇಕು, ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ ಚಿಹ್ನೆ. 'ಕ್ಷೇತ್ರ' ಅನ್ನುವ ಎರಡಕ್ಷರದ ಪದವೇ 7 ಚಿಹ್ನೆ, 21 ಬೈಟ್. ಒಟ್ಟು 85 ಚಿಹ್ನೆಗೆ ಹೆಸರು ಮುಗಿಯಬೇಕು, ಕೊನೆಯ ಎಕ್ಸ್‌ಟೆನ್ಶನ್‌ಗೂ ಜಾಗ ಬಿಡಬೇಕು. ಊರು, ಹೋಬಳಿ, ತಾಲ್ಲೂಕು, ವರ್ಷ ಎಲ್ಲವನ್ನೂ ಫೈಲ್ ಹೆಸರಿನಲ್ಲೇ ತುಂಬುವ ಬದಲು ಫೋಲ್ಡರ್‌ಗಳಾಗಿ ಒಡೆಯಿರಿ.

ತೊಂದರೆ ಯಾವ ಬಾಗಿಲಲ್ಲಿ ಅಂತ ಗುರುತಿಸಲು: ಶೇರ್ ಕಾಣುತ್ತದೆ ಆದರೆ ಒಳಗೇ ಬಿಡುವುದಿಲ್ಲ ಅಂದರೆ ಪಾಸ್‌ವರ್ಡ್, ವ್ಯಾಲಿಡ್ ಗ್ರೂಪ್ಸ್ ನೋಡಿ. ಒಳಗೆ ಬರುತ್ತದೆ, ಹೊಸ ಫೈಲ್ ಮಾಡಲಾಗದು ಅಂದರೆ ರೈಟಬಲ್ ಅಥವಾ ಫೋಲ್ಡರ್‌ನ 2770. ಕೆಲವು ಫೈಲ್ ಮಾತ್ರ ಮೊಂಡು ಹಿಡಿದರೆ ಆ ಫೈಲ್‌ಗಳ ಗ್ರೂಪ್ ಬೇರೆ ಇದೆ. ಸರ್ವರ್‌ನ ಒಳಗೇ ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೆ ಕಟ್ ಮಾಡಿ ಸಾಗಿಸಿದ ಫೈಲ್ ತನ್ನ ಹಳೆಯ ಗ್ರೂಪ್ ಹೊತ್ತುಕೊಂಡೇ ಬರುತ್ತದೆ. ಆ ಫೈಲ್‌ಗಳಿಗೆ ಗ್ರೂಪ್ ಬದಲಿಸಿದರೆ ಸರಿಹೋಗುತ್ತದೆ.

ಅಳಿಸಿದ್ದು ವಾಪಸ್ ಬರಲು

ನೆಟ್‌ವರ್ಕ್ ಡ್ರೈವ್‌ನಲ್ಲಿ ಅಳಿಸಿದ್ದು ವಿಂಡೋಸ್‌ನ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ, ಅಲ್ಲಿಗೇ ಮುಗಿಯಿತು. ಸಾಂಬಾದಲ್ಲಿ ಇದಕ್ಕೆ 'ರಿಸೈಕಲ್' ಅನ್ನುವ ವಿಎಫ್‌ಎಸ್ ಮಾಡ್ಯೂಲ್ (ಸಾಂಬಾಗೆ ಜೋಡಿಸುವ ಹೆಚ್ಚುವರಿ ಭಾಗ) ಇದೆ. ಸಾಂಬಾದ ಸೆಟ್ಟಿಂಗ್ ಫೈಲ್‌ನಲ್ಲಿ ಆಯಾ ಶೇರ್‌ನ ಅಡಿ ವಿಎಫ್‌ಎಸ್ ಆಬ್ಜೆಕ್ಟ್ಸ್ ಸಾಲಿಗೆ ಅದನ್ನು ಸೇರಿಸಿ, ಅಳಿಸಿದ್ದು ಯೂಸರ್‌ಗೊಂದು ಉಪಫೋಲ್ಡರ್‌ಗೆ ಹೋಗುವಂತೆ ರೆಪಾಸಿಟರಿ (ಇಲ್ಲಿ ಬುಟ್ಟಿಯ ಜಾಗ) ಕೊಟ್ಟು, ಫೋಲ್ಡರ್ ರಚನೆ ಉಳಿಸುವ ಕೀಪ್‌ಟ್ರೀ, ಒಂದೇ ಹೆಸರಿನ ಫೈಲ್‌ಗಳನ್ನು ಬೇರೆ ಬೇರೆಯಾಗಿ ಇಡುವ ವರ್ಶನ್ಸ್ ಎರಡನ್ನೂ ಹೌದು ಮಾಡಿ. ಯಾರ ಕೈಯಿಂದ ಅಳಿಸಿತು ಅನ್ನುವುದೂ ಇದರಿಂದಲೇ ತಿಳಿಯುತ್ತದೆ.

ಈ ಬುಟ್ಟಿ ತಾನಾಗಿ ಖಾಲಿಯಾಗುವುದಿಲ್ಲ. ನಿಗದಿತ ಹೊತ್ತಿಗೆ ತಾನಾಗಿ ಕೆಲಸ ಓಡಿಸುವ 'ಶೆಡ್ಯೂಲ್ಡ್ ಕ್ರಾನ್ ಜಾಬ್ಸ್'ನಲ್ಲಿ 30 ದಿನಕ್ಕಿಂತ ಹಳೆಯದನ್ನು ಅಳಿಸುವ ಕೆಲಸ ಹಾಕಬೇಕು. ಹಾಕುವ ಮೊದಲು 'ಟಚ್ ಎಂಟೈಮ್' ಅನ್ನುವ ಆಯ್ಕೆಯನ್ನು ಹೌದು ಮಾಡಿ. ಇಲ್ಲದಿದ್ದರೆ ಬುಟ್ಟಿಗೆ ಬಂದ ಫೈಲ್‌ನ ತಾರೀಕು ಅದನ್ನು ಕೊನೆಗೆ ತಿದ್ದಿದ ದಿನದ್ದೇ ಆಗಿರುತ್ತದೆ. ಎರಡು ವರ್ಷದ ಹಿಂದಿನ ಬ್ಯಾಲೆನ್ಸ್ ಶೀಟ್ ಇವತ್ತು ಅಳಿಸಿದರೆ ಇವತ್ತು ರಾತ್ರಿಯೇ ಗುಡಿಸಿಹೋಗುತ್ತದೆ.

ಕೆಲಸ ಬಿಟ್ಟವರು, ಕೀಲಿ ಹಿಡಿಯುವವರು

ಒಬ್ಬರು ಕೆಲಸ ಬಿಟ್ಟ ದಿನ ಯೂಸರನ್ನು ಅಳಿಸಬೇಡಿ. ಲಿನಕ್ಸ್ ಫೈಲ್‌ನ ಒಡೆತನವನ್ನು ಹೆಸರಿನಿಂದ ಗುರುತಿಡುವುದಿಲ್ಲ, ಯೂಸರ್ ಐಡಿ ಸಂಖ್ಯೆಯಿಂದ ಗುರುತಿಡುತ್ತದೆ. ಅಳಿಸಿದ ಸಂಖ್ಯೆ ನಾಳೆ ಹೊಸಬರಿಗೆ ಸಿಕ್ಕರೆ ಹಳಬರ ಫೈಲ್‌ಗಳೆಲ್ಲ ಅವರದಾಗುತ್ತವೆ. ಯೂಸರ್ ಪುಟದಲ್ಲಿ ಲಾಗಿನ್ ತಾತ್ಕಾಲಿಕವಾಗಿ ನಿಲ್ಲಿಸುವ ಗುರುತು ಹಾಕಿ, ಗ್ರೂಪ್‌ಗಳಿಂದ ತೆಗೆಯಿರಿ. ಆಮೇಲೆ ಸಾಂಬಾ ಯೂಸರ್ಸ್ ಪಟ್ಟಿಯಲ್ಲೂ ಆ ಹೆಸರು ತೆರೆದು 'ಅಕೌಂಟ್ ಡಿಸೇಬಲ್ಡ್' ಆಗಿದೆಯೇ ಕಣ್ಣಾರೆ ನೋಡಿ. ಇಷ್ಟಾದರೂ ಆಗಲೇ ತೆರೆದಿರುವ ಸಂಪರ್ಕ ಮುಂದುವರಿಯುತ್ತಿರುತ್ತದೆ. ಸಂಪರ್ಕಗಳ ಪಟ್ಟಿ ತೆರೆದು ಅದನ್ನೂ ಕಡಿಯಿರಿ.

ದಿನನಿತ್ಯದ ಪಾಸ್‌ವರ್ಡ್ ಬದಲಾವಣೆಯನ್ನು ಆಫೀಸ್ ಮ್ಯಾನೇಜರ್‌ಗೆ ವಹಿಸಲು 'ವೆಬ್‌ಮಿನ್ ಯೂಸರ್ಸ್'ನಲ್ಲಿ ಅವರಿಗೆ ಬೇರೆ ಲಾಗಿನ್ ಮಾಡಿ, 'ಯೂಸರ್ಸ್ ಆ್ಯಂಡ್ ಗ್ರೂಪ್ಸ್' ಮಾಡ್ಯೂಲ್ ಒಂದನ್ನೇ ಕೊಡಿ. ಅಲ್ಲಿಗೆ ನಿಲ್ಲಬೇಡಿ. ಆ ಮಾಡ್ಯೂಲ್‌ನ ಆಕ್ಸೆಸ್ ಕಂಟ್ರೋಲ್ ತೆರೆದು, ಕಚೇರಿಯವರ ಯೂಸರ್ ಐಡಿ ಇರುವ ವ್ಯಾಪ್ತಿಯನ್ನು ಮಾತ್ರ ತಿದ್ದಬಹುದು ಅಂತ ಮಿತಿ ಹಾಕಿ. ಸುಡೊ ಅಧಿಕಾರ ಇರುವ ಯೂಸರ್‌ನ ಐಡಿ ಸಾಮಾನ್ಯವಾಗಿ 1000, ಅದು ಆ ವ್ಯಾಪ್ತಿಯ ಹೊರಗಿರಲಿ. ಯಾವ ಗ್ರೂಪ್‌ಗಳನ್ನು ಕೊಡಬಹುದು ಅನ್ನುವ ಕಡೆಯೂ ಕಚೇರಿಯ ಗ್ರೂಪ್‌ಗಳು ಮಾತ್ರ. ಈ ಮಿತಿ ಇಲ್ಲದಿದ್ದರೆ ಅವರು ರೂಟ್‌ನ ಪಾಸ್‌ವರ್ಡನ್ನೇ ಬದಲಿಸಬಲ್ಲರು. ಸಾಂಬಾ ಮಾಡ್ಯೂಲನ್ನು ಪೂರ್ತಿಯಾಗಿ ಯಾರಿಗೂ ಕೊಡಬೇಡಿ. ಶೇರ್ ತೆರೆಯುವಾಗ ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸೆಟ್ಟಿಂಗ್ ಸಾಂಬಾದಲ್ಲಿದೆ. ಯಾರು ಯಾವಾಗ ಏನು ಬದಲಿಸಿದರು ಅನ್ನುವುದು 'ವೆಬ್‌ಮಿನ್ ಆ್ಯಕ್ಷನ್ಸ್ ಲಾಗ್'ನಲ್ಲಿ ಸಿಗುತ್ತದೆ.

ಸರ್ವರ್‌ಗೆ ಯುಪಿಎಸ್ ಕೊಡಿ; ಸ್ವಿಚ್ ಮತ್ತು ರೌಟರ್ ಕೂಡ ಅದೇ ಯುಪಿಎಸ್‌ನಲ್ಲಿರಲಿ. ಡೇಟಾ ಬ್ಯಾಕಪ್ ಜೊತೆ 'ಬ್ಯಾಕಪ್ ಕಾನ್ಫಿಗರೇಶನ್ ಫೈಲ್ಸ್' ಮಾಡ್ಯೂಲ್‌ನಿಂದ ಯೂಸರ್, ಸಾಂಬಾ ಎರಡರ ಸೆಟ್ಟಿಂಗನ್ನೂ ವಾರಕ್ಕೊಮ್ಮೆ ತೆಗೆಯಲು ಹೇಳಿ. ಸಾಂಬಾ ಪಾಸ್‌ವರ್ಡ್‌ಗಳಿರುವ ಪಾಸ್‌ಡಿಬಿ ಫೈಲ್ ಇರುವುದು ಬೇರೆ ಜಾಗದಲ್ಲಿ, ವಾರ್ ಒಳಗಿನ ಲಿಬ್, ಅದರೊಳಗಿನ ಸಾಂಬಾ, ಅದರೊಳಗಿನ ಪ್ರೈವೇಟ್ ಫೋಲ್ಡರ್‌ನಲ್ಲಿ. ಅದನ್ನೂ ಬ್ಯಾಕಪ್ ಪಟ್ಟಿಗೆ ಸೇರಿಸಿ. ಬಿಟ್ಟರೆ ಡಿಸ್ಕ್ ಹೋದ ದಿನ ಫೈಲ್‌ಗಳೆಲ್ಲ ವಾಪಸ್ ಬಂದರೂ ಪ್ರತಿಯೊಬ್ಬರಿಗೂ ಹೊಸ ಪಾಸ್‌ವರ್ಡ್ ಹಾಕುತ್ತಾ ಕೂರಬೇಕಾಗುತ್ತದೆ.